ಬೇಲಿ ಬಾಗಿಲ ಮೇಲಿನ ಲುಂಗಿ

ವಾಗೌಂಗ್ ತಿಂಗಳು, ಬುಧವಾರ ಬೆಳಿಗ್ಗೆ
ನಿನ್ನ ಬೇಲಿಯ ಹೊರಗಿನಿಂದ

ತಮ್ಮ ಪ್ಯೋನ್‌ಗೆ,

ಕಾಗದದ ತಲೆಯಲ್ಲಿ ಅಕ್ಕನ ಆಶೀರ್ವಾದ ಬರೆಯಬೇಕು. ಇವತ್ತು ಅದಕ್ಕೆ ಕೈ ಬರುತ್ತಿಲ್ಲ.

ಹೋರಾಟ ಸಮಿತಿಯ ಮುಖಂಡರು ಇಸ್ತ್ರಿ ಅಂಗಿ ತೊಟ್ಟು ಪೇಟೆಗೆ ಹೊರಟಿದ್ದಾರಂತೆ. ತಾಮ್ರದ ಗಣಿಯವರ ಮುಂದೆ ಕೂತು, ಊರ ಹೊಲಗಳನ್ನು ಬಿಟ್ಟುಕೊಡುವ ಕರಾರಿಗೆ ಸಹಿ ಹಾಕುತ್ತಾರಂತೆ. ಆ ಮುಖಂಡ ನೀನೇ ತಾನೆ? ಹೋಗು, ನೋಡೋಣ. ನಿನ್ನ ಬೇಲಿ ಬಾಗಿಲ ಮೇಲೆ ಹಗ್ಗ ಕಟ್ಟಿದ್ದೇನೆ. ಅದರಲ್ಲಿ ತೂಗುತ್ತಿರುವುದು ನಾನು ಉಟ್ಟು ಬಿಟ್ಟ ಲುಂಗಿ. ಒಗೆದಿಲ್ಲ.

ಹೆಂಗಸಿನ ಲುಂಗಿಯ ಕೆಳಗೆ ನುಸುಳಿದರೆ ಗಂಡಸಿನ ತೇಜಸ್ಸು ಇಳಿದುಹೋಗುತ್ತದೆ ಎಂದು ಅಮ್ಮ ಹೇಳಿದ್ದನ್ನು ನೀನು ಇನ್ನೂ ಬಿಟ್ಟಿಲ್ಲ. ಚಿಕ್ಕವನಿದ್ದಾಗ ಅವಳು ಬಟ್ಟೆ ಒಣಹಾಕಿದ ಹಗ್ಗ ತಪ್ಪಿಸಲು ಹಂದಿಗೂಡು ಸುತ್ತಿಕೊಂಡು ಬರುತ್ತಿದ್ದೆ. ನಿನ್ನ ಹಿಂಬಾಲಕರೂ ಅಷ್ಟೇ. ದೂರದಲ್ಲೇ ನಿಂತು ಎಲೆ ಅಡಿಕೆ ಜಗಿಯುತ್ತಿದ್ದಾರೆ. ಒಬ್ಬ, "ಅಜ್ಜಿ, ತೆಗೀರಿ, ದೊಡ್ಡೋರಿಗೆ ಹೊತ್ತಾಗ್ತದೆ" ಅಂದ. "ನೀನೇ ತೆಗಿಯಪ್ಪ, ಕೈ ಇದಾವಲ್ಲ" ಅಂದೆ. ಕೈ ಹಿಂದಕ್ಕೆ ಕಟ್ಟಿಕೊಂಡ.

ನನ್ನ ಮೊಮ್ಮಗಳು ನ್ವೆ ಊ, ಗೆಳತಿಯರ ಜೊತೆ ಗಣಿಯ ಲಾರಿಗಳ ಮುಂದೆ ಮಲಗಿದಾಗ ಚಹಾ ಅಂಗಡಿಯಲ್ಲಿ ನೀನು ಏನಂದೆ? "ಅರ್ಜಿ ಕೊಡೋದು ಚಳವಳಿ. ಹುಡುಗೀರು ರಸ್ತೇಲಿ ಬಿದ್ದುಕೊಳ್ಳೋದು ನಾಚಿಕೆಗೇಡು." ಅರ್ಜಿ ಕೊಟ್ಟೂ ಕೊಟ್ಟೂ ನಿನ್ನ ತಲೆ ನರೆಯಿತು, ಅತ್ತ ಗುಡ್ಡ ಅರ್ಧ ಕರಗಿತು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಪೊಲೀಸರು ಬಂದಾಗ ನೀನು, "ಅವಳು ನಮ್ಮೋಳಲ್ಲ, ಇದಕ್ಕೆಲ್ಲ ಅವಳೇ ಮುಂದಾಳು" ಎಂದು ಬೆರಳು ತೋರಿಸಿದೆ. ನೀನೇ ಎತ್ತಿ ಆಡಿಸಿದ ಮಗು. ಈಗ ಠಾಣೆಯ ಸಿಮೆಂಟಿನ ಮೇಲೆ ಮಲಗಿದ್ದಾಳೆ.

ಹುಡುಗಿಯರು ಮಾಡಿದ್ದು ನಿನಗೆ ನಾಚಿಕೆಯಾಯಿತಲ್ಲ, ಈಗ ಮುದುಕಿ ಮಾಡಿದ್ದನ್ನು ನೋಡು. ಗೊತ್ತಾದರೆ ನ್ವೆ ಊ ನನ್ನನ್ನೇ ಬೈಯುತ್ತಾಳೆ, "ಇದೆಲ್ಲ ಮೂಢನಂಬಿಕೆ ಅಜ್ಜಿ" ಅಂತ. ಅವಳು ನಂಬದಿದ್ದರೇನು, ನೀನು ನಂಬುತ್ತೀಯಲ್ಲ.

ಠಾಣೆಯ ಅಧಿಕಾರಿಯನ್ನು ಇಲ್ಲಿಗೇ ಕರೆಸು. ಬೇಲಿಯೊಳಗೇ ನಿಂತು, ಊರೆಲ್ಲ ಕೇಳುವಂತೆ, "ಅವಳು ನಮ್ಮೋಳು, ಲಾರಿ ತಡೆದಿದ್ದು ಇಡೀ ಊರು" ಎಂದು ಹೇಳು. ಅವಳು ನಡೆದು ಬಂದು ತನ್ನ ಕೈಯಾರೆ ಹಗ್ಗ ಬಿಚ್ಚಲಿ. ಅಲ್ಲಿಯವರೆಗೆ ಗಣಿಯವರು ಕಾಯಲಿ, ನಿನ್ನ ಅಂಗಿ ಮುದುರಲಿ. ಆಮೇಲೂ ನಾನು ನಿನ್ನ ಮನೆಯ ನೀರು ಮುಟ್ಟುವುದಿಲ್ಲ.

ಇಂತಿ,
ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ
ಹ್ಲಾ ಯಿನ್

ಮರೆತಿದ್ದೆ: ಹಿತ್ತಲ ಬಾಗಿಲ ಕಡೆ ಹೋಗಬೇಡ. ಅಲ್ಲಿ ತೂಗುತ್ತಿರುವ ಹಸಿರು ಲುಂಗಿ ನನ್ನದಲ್ಲ, ನಿನ್ನ ಹೆಂಡತಿಯದು. ಕಟ್ಟು ಅಂತ ನಾನು ಕೇಳಿರಲಿಲ್ಲ. ಕಟ್ಟಿ ಬಂದು ಈಗ ನನ್ನ ಪಕ್ಕದಲ್ಲೇ ನಿಂತಿದ್ದಾಳೆ. ಈ ಕಾಗದವನ್ನು ನಿನ್ನ ಚಹಾದ ಜೊತೆ ತಾನೇ ತಂದುಕೊಡುತ್ತಾಳಂತೆ.