ಮುಂದೆ ಯಾರು?

ಮಾರ್ಚ್ ೯, ಸೋಮವಾರ ಮಧ್ಯಾಹ್ನ

ನಮ್ಮನೆ ಯಜಮಾನಿಗೆ,

ಹೇಗಿದ್ದೀಯಾ? ಊಟ ಸೇರುತ್ತಿದೆಯಾ? ಮೊನ್ನೆಯ ರಕ್ತಪರೀಕ್ಷೆಯಲ್ಲಿ ಏನು ಬಂತು, ಮುಚ್ಚಿಡದೆ ಬರೆ. ಹತ್ತು ದಿನದಿಂದ ಕಾಗದ ಬರೆದಿಲ್ಲವೆಂದು ಬೈದುಕೊಂಡಿರುತ್ತೀಯ, ಬೈಯಿ. ಬರೆಯಲು ಕೂತಾಗಲೆಲ್ಲ ಮಗಳು ಚೂಟಿಯ ವಿಷಯ ಬಚ್ಚಿಡಬೇಕಾಗುತ್ತಿತ್ತು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಇವತ್ತು ಅಂಗಡಿ ಬಾಗಿಲು ಎಳೆದು, ಗಿರಾಕಿಗಳ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನನ್ನು ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ಇವಳು ನಮ್ಮ ಚೂಟಿಯಾಗಿ ಉಳಿದಿಲ್ಲ. ಶಾಲೆ ಬಿಟ್ಟು ಅಂಗಡಿಗೆ ಬರುತ್ತಾಳೆ, ಮೂಲೆಯಲ್ಲಿ ಕೂತು ಚಿತ್ರ ಬರೆಯುತ್ತಿರುತ್ತಾಳೆ, ಇದ್ದಕ್ಕಿದ್ದಂತೆ ಕಿಟಾರನೆ ಕಿರುಚಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ. ಆರು ವರ್ಷದ ಗಂಟಲಲ್ಲಿ ಅಷ್ಟು ದನಿ ಎಲ್ಲಿತ್ತೋ! ಗಿರಾಕಿಯ ಕೆನ್ನೆ ಮೇಲಿಂದ ಕತ್ತಿ ಎತ್ತಿಬಿಡುತ್ತೇನೆ. ಗದರಿದೆ, ಮಿಠಾಯಿ ಕೊಟ್ಟೆ, ಯಾವುದಕ್ಕೂ ಜಗ್ಗಲಿಲ್ಲ. ಸಾಕಾಗಿ ನಿನ್ನಕ್ಕನಿಗೆ ಫೋನ್ ಮಾಡಿ, ಬರುವ ಭಾನುವಾರ ಬಂದು ಇವಳನ್ನು ಸ್ವಲ್ಪ ದಿನ ಕರೆದುಕೊಂಡು ಹೋಗಿ ಎಂದುಬಿಟ್ಟೆ.

ಶನಿವಾರ ಅವಳ ಟೀಚರು ಸಿಕ್ಕಿದ್ದರು. "ಅಳುವಾಗ ಯಾಕೆ ಅಂತ ಕೇಳ್ಬೇಡಿ. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ಕಿರುಚೋಕೆ ಮುಂಚೆ ಏನಾಯ್ತು ಅಂತ ಮಾತ್ರ ನೋಡಿ," ಅಂದರು. ನನಗೆ ರೇಗಿತು. ಗಿರಾಕಿಗಳನ್ನು ಬಿಟ್ಟು ಕೂರುವುದಂತೆ, ನೋಡುವುದಂತೆ!

ಇವತ್ತು ಶಾಲೆಗೆ ರಜೆ. ಬೆಳಿಗ್ಗೆ ಪೋಸ್ಟ್‌ಮ್ಯಾನಿನ ಗಡ್ಡ ಮುಗಿಸಿ, ಬಟ್ಟೆ ಕೊಡವಿ, ಎಂದಿನಂತೆ "ಮುಂದೆ ಯಾರು?" ಎಂದೆ. ಚೂಟಿ ಕಿರುಚಿ ಎಸೆದ ಪೌಡರ್ ಡಬ್ಬಿ ಬಡಿದು ಕನ್ನಡಿಯ ಮೂಲೆ ಬಿರುಕು ಬಿಟ್ಟಿತು. ಹೊಡೆಯಲು ಕೈ ಎತ್ತಿದ್ದೆ, ಯಾಕೋ ಇಳಿಸಿದೆ. ಬಿದ್ದ ಕೂದಲಿನ ಮೇಲೇ ಅವಳ ಪಕ್ಕ ಕೂತೆ. ಸರದಿಯಲ್ಲಿದ್ದ ಬಡಗಿ ಅಜ್ಜ ಸಿಗರೇಟಿನ ನೆಪ ಹೇಳಿ ಹೊರಗೆ ಹೋದರು, ಪುಣ್ಯಾತ್ಮ.

ಅಜ್ಜನ ಸಿಗರೇಟು ಮುಗಿಯುವ ಹೊತ್ತಿಗೆ ಬಿಕ್ಕುತ್ತಾ ಅಂದಳು: "ನಾನು ಹೋಗಲ್ಲ. ಮುಂದೆ ನಾನಲ್ಲ."

"ಎಲ್ಲಿಗೆ ಕಂದಾ?"

"ಅಮ್ಮನ ತಲೆ ಬೋಳಿಸಿ ನೀನು ಹಂಗೇ ಕೂಗಿದ್ದೆ. ಆಮೇಲೆ ಅಮ್ಮ ಹೋದ್ಲು."

ನೆನಪಿದೆಯಾ? ಔಷಧಿಗೆ ಕೂದಲು ಉದುರುವ ಮೊದಲೇ ತೆಗೆದುಬಿಡಿ ಎಂದು ನೀನೇ ಈ ಕುರ್ಚಿಯಲ್ಲಿ ಕೂತಿದ್ದೆ. ಮುಗಿದ ಮೇಲೆ ನಿನ್ನನ್ನು ನಗಿಸೋಣವೆಂದು ನಾನು ಬಟ್ಟೆ ಕೊಡವಿ "ಮುಂದೆ ಯಾರು?" ಎಂದೆ. ನೀನು ನಕ್ಕೆ ಕೂಡ. ಪರದೆಯ ಹಿಂದೆ ಇವಳು ನಿಂತಿದ್ದಳು, ನಮಗೆ ಗೊತ್ತೇ ಆಗಲಿಲ್ಲ. ಮಾರನೇ ದಿನ ನೀನು ಹೊರಟೆ. ಅವತ್ತಿನಿಂದ ಪ್ರತಿ ಗಿರಾಕಿಗೂ ಒಂದು ಸಲ ನಾನು ಆ ಮಗುವನ್ನು ಹೆದರಿಸಿದ್ದೇನೆ.

ನಿನ್ನಕ್ಕನಿಗೆ ಬರುವುದು ಬೇಡ ಎಂದಿದ್ದೇನೆ. ಬೇಜಾರು ಮಾಡಿಕೊಂಡರು, ಮಾಡಿಕೊಳ್ಳಲಿ. ಇನ್ನು ಗಿರಾಕಿಗಳನ್ನು ಹೆಸರು ಹಿಡಿದೇ ಕರೆಯುತ್ತೇನೆ. ಚೂಟಿ ಈಗ ಬೆಂಚಿನ ಮೇಲೆ ಮಲಗಿದ್ದಾಳೆ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ, ಬೇಗ ಹುಷಾರಾಗಿ ಬಾ.

ನಿನ್ನವನೇ ಆದ,
ಕತ್ತರಿ ಸಾಹೇಬ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಕಳೆದ ವಾರ ಅವಳನ್ನು ಹಿಂದಿನ ಕೋಣೆಗೆ ನೂಕಿ, ಚಿಲಕ ಹಾಕಿ, "ಹೀಗೇ ಕಿರುಚ್ತಿದ್ರೆ ನಿನ್ನನ್ನೂ ಕಳಿಸಿಬಿಡ್ತೀನಿ" ಅಂದಿದ್ದೆ. ಈಗ ನಿದ್ದೆ ಹೋಗುವ ಮೊದಲು ಕೇಳಿದಳು: "ಅಪ್ಪಾ, ಅಮ್ಮನೂ ಕಿರುಚಿದ್ಲಾ?" ನಾನು ಹೇಳಿದರೆ ಇನ್ನು ನಂಬುವುದಿಲ್ಲ. ನೀನೇ ಅವಳಿಗೆ ಒಂದು ಸಾಲು ಬರೆ. ದೊಡ್ಡ ಅಕ್ಷರದಲ್ಲಿ ಬರೆ, ಈಗಷ್ಟೇ ಓದಲು ಕಲಿತಿದ್ದಾಳೆ.