ಸುಟ್ಟ ಮೂಲಪ್ರತಿ

ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮಾ,

ಪ್ರೀತಿಯ ಎಂದು ಬರೆದದ್ದು ಬರೀ ಅಭ್ಯಾಸಬಲ, ಅದನ್ನೇ ಹಿಡಿದುಕೊಂಡು ಕೂರಬೇಡ. ಹಡಗಿನಲ್ಲಿ ಹೊಟ್ಟೆಗೆ ಸರಿಯಾಗಿ ಸಿಗುತ್ತಿದೆಯೇ? ಬೆನ್ನುನೋವು ಹೇಗಿದೆ? ಹುಷಾರಾಗಿದ್ದೀಯ ಎಂದುಕೊಂಡಿದ್ದೇನೆ, ಏಕೆಂದರೆ ಕಾಯಿಲೆ ಬಿದ್ದವನಿಗೆ ಮೂರು ದಿನದಲ್ಲಿ ಹದಿನಾಲ್ಕು ಮೆಸೇಜು ಫಾರ್ವರ್ಡ್ ಮಾಡುವಷ್ಟು ಶಕ್ತಿ ಇರುವುದಿಲ್ಲ. ಫೋನಿನಲ್ಲಿ ಮಾತಾಡಿದರೆ ಬೈದು ಇಟ್ಟುಬಿಡುತ್ತೇನೆಂದು ಕಾಗದ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಅಪ್ಪ ಚೆನ್ನಾಗಿಲ್ಲ, ಅದಕ್ಕೆ ಕಾರಣ ನೀನು.

ಹೋದ ಗುರುವಾರ "ಕೋಟಿಗಟ್ಟಲೆ ಪಾಸ್‌ವರ್ಡ್ ಕಳುವಾಗಿದೆ, ಎಲ್ಲರದ್ದೂ ಹೋಯ್ತು, ಮನೇಲಿ ಎಲ್ಲೇ ಬರೆದಿಟ್ಟಿದ್ರೂ ಈಗಲೇ ನಾಶ ಮಾಡಿ" ಎಂದು ಗ್ರೂಪಿಗೆ ಕಳಿಸಿದೆಯಲ್ಲ, ಆ ಸುದ್ದಿಯನ್ನು ತಲೆಬರಹದ ಕೆಳಗೆ ಒಂದು ಸಾಲಾದರೂ ಓದಿದ್ದೆಯಾ? ನಾನು ಓದಿದೆ. ಹಿಂದೆ ಬೇರೆ ಬೇರೆ ಕಡೆ ಸೋರಿದ್ದ ಹಳೆಯ ಪಟ್ಟಿಗಳನ್ನು ಯಾರೋ ಒಂದೆಡೆ ಗುಡ್ಡೆ ಹಾಕಿದ್ದರು. ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಬಳಸುವವರು ಬದಲಾಯಿಸಿಕೊಳ್ಳಿ, ಗಾಬರಿ ಬೇಡ ಎಂದು ಕೊನೆಯಲ್ಲಿತ್ತು. ಲ್ಯಾಬಿನಲ್ಲಿ ನನ್ನ ಕೈಗೆ ದಿನಾ ಎದೆ ಝಲ್ಲೆನ್ನಿಸುವ ಅಂಕಿಗಳು ಬರುತ್ತವೆ. ಬಂದ ಕೂಡಲೇ ರೋಗಿಯ ಮನೆಯವರನ್ನು ಕರೆದು ಅಳಿಸುವುದಿಲ್ಲ. ಮೊದಲು ಟ್ಯೂಬಿನ ಚೀಟಿ ನೋಡುತ್ತೇವೆ, ಯಾರ ರಕ್ತ, ಯಾವತ್ತು ತೆಗೆದದ್ದು ಎಂದು. ನೀನೋ, ಇಲಿ ಬಂತು ಅಂದರೆ ಹುಲಿ ಬಂತು ಅನ್ನುವವನು. ಇಂಜಿನ್ನು ಕೊಂಚ ಸದ್ದು ಮಾಡಿದರೆ ಸಮುದ್ರಕ್ಕೆ ಹಾರುತ್ತೀಯಾ?

ಅಪ್ಪನ ಸ್ವಭಾವ ನಿನಗೆ ಗೊತ್ತು. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. "ನೆನಪು ಸುಳ್ಳು ಹೇಳುತ್ತೆ, ಮೂಲಪ್ರತಿ ನೋಡು" ಎಂದು ನಮ್ಮಿಬ್ಬರ ತಲೆಗೂ ಕುಟ್ಟಿದವರು. ಅಮ್ಮ ಹೋದಮೇಲೆ ಅವಳ ಫೋನ್ ತೆರೆಯುವಾಗಲೂ ಅದೇ ಕ್ರಮ. ಬೀರುವಿನ ಬಾಗಿಲ ಒಳಗೆ ಅಂಟಿಸಿದ ಹಾಳೆ, ಸಾಲಿನ ಕೆಳಗೆ ಸ್ಕೇಲು, ಪಾಸ್‌ವರ್ಡಿನ ಹದಿನಾರು ಅಕ್ಷರವನ್ನೂ ಒಂದೊಂದಾಗಿ ನೋಡಿ ಒತ್ತುವುದು. ಎರಡು ವರ್ಷ ದಿನಾ ಒತ್ತಿದರೂ ಬಾಯಿಪಾಠ ಮಾಡಲಿಲ್ಲ, ಮಾಡಿದರೆ ಕಸುಬಿಗೇ ಅವಮಾನ. ಆ ಹಾಳೆಯನ್ನು ನಿನ್ನ ಮಾತು ಕೇಳಿ ಗ್ಯಾಸಿನ ಮೇಲೆ ಹಿಡಿದು ಸುಟ್ಟರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಆಯಿತು. ಯಾವ ಕಳ್ಳನೂ ನಮ್ಮ ಬೀರುವಿನೊಳಗೆ ಇಣುಕಿರಲಿಲ್ಲ ಕಣೋ.

ಆ ಫೋನಿನಲ್ಲಿ ಏನಿದೆ ಎಂದು ನಿನಗೆ ಹೇಳಿರಲಿಲ್ಲ. ಆಪರೇಷನ್ನಿಗೆ ಹೋಗುವ ವಾರ ಅಮ್ಮ ಅಪ್ಪನಿಗೆಂದು ಹತ್ತೊಂಬತ್ತು ಮಾತು ರೆಕಾರ್ಡ್ ಮಾಡಿಟ್ಟಿದ್ದಳು. "ರೀ, ಮಷೀನಿಗೆ ಸೋಪಿನ ಪುಡಿ ಎರಡೇ ಚಮಚ. ಮೂರು ಹಾಕಿದ್ರೆ ನೊರೆ ನೀವೇ ಕುಡೀಬೇಕು." ಅಪ್ಪ ಬೆಳಿಗ್ಗೆ ಎದ್ದು ಒಂದನ್ನು ಕೇಳಿದ ಮೇಲೆಯೇ ಮನೆಗೆಲಸ ಶುರುಮಾಡುತ್ತಿದ್ದರು. ಬೇರೆಲ್ಲೂ ನಕಲಿಲ್ಲ, ಮಾಡಿಡಬೇಕೆಂದು ನನಗೂ ಹೊಳೆಯಲಿಲ್ಲ. ಈಗ ಬಟ್ಟೆ ತುಂಬಿದ ಮಷೀನಿನ ಮುಂದೆ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂರುತ್ತಾರೆ. ಅವರನ್ನು ಹಾಗೆ ನೋಡುವಾಗ ನೀನು ಎದುರಿಗೆ ಇದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ.

ಇದನ್ನೆಲ್ಲ ನಿನಗೆ ತಿಳಿಸಬೇಡ, ಅಷ್ಟು ದೂರದಲ್ಲಿ ಮಗು ನೊಂದುಕೊಳ್ಳುತ್ತದೆ ಎಂದರು ಅಪ್ಪ. ಮೂವತ್ನಾಲ್ಕು ವರ್ಷದ ಮಗು! ಆಶೀರ್ವಾದ ತಿಳಿಸು ಎಂದರು, ತಿಳಿಸಿದ್ದೇನೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ಇತಿ,
ನಿನ್ನ ಅಕ್ಕ

ಲಕೋಟೆ ಅಂಟಿಸುವ ಮೊದಲು ಇನ್ನೊಂದು: ಅಮ್ಮನಿಗೆ ಆ ಪಾಸ್‌ವರ್ಡ್ ಇಟ್ಟುಕೊಟ್ಟವನು ನೀನು. ನಾವು ಒಂಬತ್ತು ಸಲ ತಪ್ಪು ಒತ್ತಿಯಾಗಿದೆ. ಹತ್ತನೆಯದೂ ತಪ್ಪಿದರೆ ಫೋನು ಎಲ್ಲವನ್ನೂ ಅಳಿಸಿಹಾಕುತ್ತದೆ. ಅಪ್ಪನ ಕೈಗೆ ಸಿಗದಿರಲೆಂದು ಲ್ಯಾಬಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಖಂಡಿತ ಗೊತ್ತಿದ್ದರೆ ಮಾತ್ರ ಬರೆದು ಕಳಿಸು. ಇರಬಹುದು, ಇದ್ದೀತು ಎನ್ನುವುದಾದರೆ ಬೇಡ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರಿ. ಅದನ್ನು ಅಪ್ಪನಿಗೆ ನಾನು ಹೇಳುತ್ತೇನೆ.