ಬೆಳ್ಳಗೇ ಉಳಿದ ಪರದೆ

ಮಂಗಳವಾರ, ನವೆಂಬರ್ 11

ಪ್ರಶಾಂತನ ಮುಖ ಇನ್ನೂ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮುಂಬೈ ಕಾಂದಿವಲಿಯ ನಮ್ಮ ವರ್ಕ್‌ಶಾಪಿಗೆ ಅವನೊಬ್ಬನೇ ಇಂಜಿನಿಯರ್. ಚಿಕ್ಕ ಕಂಟ್ರೋಲರ್ ಬೋರ್ಡಿಗೆ ನಾನು ಬೆಸೆದುಕೊಟ್ಟ ಬಣ್ಣದ ಪರದೆ ಎರಡು ದಿನದಿಂದ ಬರೀ ಬೆಳ್ಳಗೆ ಹೊಳೆಯುತ್ತಿದೆ, ಚಿತ್ರ ಬರುತ್ತಿಲ್ಲ. ಇಂದು ಮಾಲೀಕರ ಎದುರೇ ಅಂದ: "ಕಾಕಾ, ನಾಲ್ಕನೇ ಕ್ಲಾಸ್ ಓದಿದವಳ ಹತ್ರ ಸೋಲ್ಡರಿಂಗ್ ಮಾಡ್ಸಿದ್ರೆ ಐಸಾಹಿ ಹೋಗಾ, ಹೀಗೇ ಆಗೋದು."

ಮಾಲೀಕರು, ಸಾಯಬಣ್ಣ ಕಾಕಾ, ನನ್ನ ಕಡೆ ತಿರುಗಿದರು. "ನಾಳೆ ಗಿರಾಕಿ ಬರೂದರಾಗ ಇದು ಆಗಲಿಲ್ಲಂದ್ರ ನೀ ಪ್ಯಾಕಿಂಗಿಗೆ ಹೋಗವ್ವಾ."

ಪರದೆ ಎತ್ತಿಕೊಂಡು ನನ್ನ ಮೇಜಿಗೆ ಬಂದೆ.

ತಂತಿಗಳ ಸಾಲನ್ನು ಬರೆದುಕೊಟ್ಟವನು ಅವನೇ, ಯಾವುದೋ ವಿಡಿಯೋ ನೋಡಿ. ಪಿನ್ನುಗಳ ಹೆಸರು ಅಚ್ಚಾಗಿರುವ ಪರದೆಯ ಬೆನ್ನು ತಿರುಗಿಸಿಯೂ ನೋಡಲಿಲ್ಲ. ನನಗೆ ಇಂಗ್ಲಿಷ್ ಬಾರದು. ಅವನು ಊಟಕ್ಕೆ ಹೋದಾಗ ವಿಡಿಯೋದ ಚಿತ್ರ ಇಟ್ಟುಕೊಂಡು ಪರದೆಯ ಬೆನ್ನಿನ ಅಕ್ಷರಗಳ ಜೊತೆ ಒಂದೊಂದೇ ಅಕ್ಷರದ ಆಕಾರ ಹೋಲಿಸಿದೆ. ಈ ಸಲ ಬಂದ ಪರದೆಯಲ್ಲಿ ಎರಡು ಪಿನ್ನುಗಳು ಅದಲುಬದಲಾಗಿದ್ದವು.

ಆ ಎರಡು ತಂತಿ ಬಿಚ್ಚಿ ಬದಲಿಸಿದೆ. ಕೆಂಪು, ಹಸಿರು, ನೀಲಿ ಪಟ್ಟಿಗಳು ಮೂಡಿದವು. ಬೆಂಕಿಪೊಟ್ಟಣದಷ್ಟು ಪರದೆ, ಆದರೂ ಎಷ್ಟು ಚೆಂದ. ನಾನೊಬ್ಬಳೇ ನೋಡಿದೆ.

ಅವನು ಬಂದರೆ ತಾನೇ ಸರಿಮಾಡಿದೆ ಅನ್ನುತ್ತಾನೆ. ಹೋದ ತಿಂಗಳೂ ಹಾಗೇ ಅಂದಿದ್ದ. ಅವನು ಬರುವ ಮೊದಲೇ ಎರಡೂ ತಂತಿಗಳನ್ನು ಅವನು ಬರೆದುಕೊಟ್ಟ ಹಾಗೆಯೇ ಮತ್ತೆ ಬೆಸೆದಿಟ್ಟೆ.

ನನ್ನನ್ನು ಪ್ಯಾಕಿಂಗಿಗೆ ಹಾಕಲಿ. ನಾಳೆ ಗಿರಾಕಿಯ ಎದುರು ಆ ಬಿಳಿ ಬೆಳಕು ಅವನ ಮುಖದ ಮೇಲೆ ಬೀಳಲಿ, ಸಾಕು. ಆದರೆ ಆ ನೀಲಿ ಬಣ್ಣ, ಅದನ್ನು ಇನ್ನೊಮ್ಮೆ ನೋಡಬೇಕು ಅನ್ನಿಸುತ್ತಿದೆ.